ಬುಟ್ಟಿ ಇಳಿಸಿದರೂ ಹೋಗದ ನೋವು

ಕಡಲ ದಡದ ನಮ್ಮೂರು ಕೋಡಿಯಲ್ಲಿ ಹೆಂಗಸರ ಹೆಗಲು ನೋವಿಗೆಲ್ಲ ಒಂದೇ ಹೆಸರು, ಬುಟ್ಟಿ ನೋವು. ತಲೆ ಮೇಲೆ ಮೀನು ಹೊತ್ತು ಮನೆ ಮನೆ ತಿರುಗುವವರಿಗೆ ಹೆಗಲು ಹಿಡಿಯದೆ ಇನ್ನೇನು ಹಿಡಿದೀತು? ನಮ್ಮ ಅತ್ತೆ ಸೀತು ಮದುವೆಯಾಗಿ ಬಂದಾಗಿನಿಂದ ತಲ್ಲೂರಿನ ತನಕ ಮೀನು ಮಾರಿದವಳು. ನೋವು ಬಂದರೆ ತೆಂಗಿನೆಣ್ಣೆ ತಿಕ್ಕುವುದು, ಮರುದಿನ ಮತ್ತೆ ಬುಟ್ಟಿ ಎತ್ತುವುದು. ಅವಳ ತಂಗಿ ರತ್ನನೂ ಹೀಗೇ ಎಣ್ಣೆ ತಿಕ್ಕಿಸಿಕೊಂಡು ಮಲಗಿದವಳು ಒಂದು ಚಳಿಗಾಲದ ಬೆಳಿಗ್ಗೆ ಏಳಲೇ ಇಲ್ಲ. ಆಗಲೂ ನಾವು ಬುಟ್ಟಿಯನ್ನೇ ಬೈದೆವು.

ಆ ಚಳಿಗಾಲ ಕಳೆದು ಬಂದದ್ದು ೨೦೦೯ರ ಮಳೆಗಾಲ. ಕಡಲಿಗೆ ಇಳಿಯುವಂತಿಲ್ಲ, ದೋಣಿಗಳೆಲ್ಲ ದಡದಲ್ಲಿ. ಅತ್ತೆಯ ಬುಟ್ಟಿ ಮೂಲೆ ಸೇರಿ ತಿಂಗಳಾಗಿತ್ತು. ನೋವು ಮಾತ್ರ ಹೋಗಲಿಲ್ಲ. ಬಾವಿಯಿಂದ ನೀರು ಸೇದಿದರೆ ಸಾಕು, ಎಡಗೈ ಸೋತು ಬೆವರಿಳಿಯುತ್ತಿತ್ತು.

"ಹೊರೂದೇ ಇಲ್ಲ, ಮತ್ತೆಂತಕ್ಕೆ ನೋವು ಮಾರಾಯ್ತಿ?" ಎಂದು ನನ್ನನ್ನು ಕೇಳಿದಳು. ನನಗೆ ರತ್ನ ನೆನಪಾದಳು.

ಅದೇ ವಾರ ಹೃದ್ರೋಗದ ಸಂಶೋಧನೆಯವರು ಶಾಲೆಗೆ ಬಂದರು. ಹಿಂದಿನ ಮಳೆಗಾಲದಲ್ಲೂ ಬಂದಿದ್ದರು. ಅವರಿಗೆ ಬೇಕಾದದ್ದು ಗಂಡಸರು. ಮಳೆಗಾಲದಲ್ಲಿ ಮೀನುಗಾರರು ಮನೆಯಲ್ಲೇ ಸಿಗುತ್ತಾರಲ್ಲ! ಮಾವ ಐತನಿಗೆ ಕರೆ ಬಂತು. ಗುಂಡುಕಲ್ಲಿನಂಥ ಆಸಾಮಿ, ಅವನಿಗೆ ಪರೀಕ್ಷೆಯಂತೆ. ನಾನು ಅತ್ತೆಯನ್ನೂ ಎಳೆದುಕೊಂಡು ಹೊರಟೆ.

ಬಾಗಿಲಲ್ಲಿ ನಿಂತವನು ಗಂಡಸರಿಗೆ ಮಾತ್ರ ಎಂದು ತಡೆದ. ಮಾವನೂ ಅವನ ಕಡೆಗೇ. "ಹೆಂಗ್ಸ್ರಿಗೆ ಎಂತ ಹಾರ್ಟು? ಸುಮ್ನೆ ಮನಿಗ್ ಹೋಯ್ನಿ."

ನನಗೆ ಸಿಟ್ಟು ನೆತ್ತಿಗೇರಿತು. "ಹೆಂಗ್ಸ್ರಿಗೆ ಎದಿ ಇಲ್ಯಾ?" ಎಂದು ಕೂಗಿಯೇಬಿಟ್ಟೆ. ಒಳಗಿದ್ದ ಡಾಕ್ಟರಮ್ಮ ಎದ್ದು ಬಂದು, ನೋವು ಯಾರಿಗೆ, ಎಲ್ಲಿ ಎಂದು ಕೇಳಿದರು.

"ಬುಟ್ಟಿ ನೋವ್ ಅಮ್ಮ," ಎಂದಳು ಅತ್ತೆ. "ಆದ್ರೆ ಬುಟ್ಟಿ ಹೊರ್ದೆ ತಿಂಗ್ಳಾಯ್ತ್."

ಡಾಕ್ಟರಮ್ಮ ಅತ್ತೆಯನ್ನು ಮಲಗಿಸಿ ಇಸಿಜಿ ತೆಗೆದರು. ಅದನ್ನು ನೋಡಿದವರೇ, ಇದು ಹೃದಯದ ನೋವು, ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ನಮ್ಮ ಜೀಪಿನಲ್ಲೇ ಹೊರಡಿ ಎಂದರು. ಮಾವ ಓಡಿ ಹೋಗಿ ಜೀಪಿನ ಬಾಗಿಲು ತೆರೆದ. ಬದುಕುತ್ತಾಳೋ ಇಲ್ಲವೋ ಎಂದುಕೊಳ್ಳುತ್ತಲೇ ನಾನು ಅತ್ತೆಯನ್ನು ಎಬ್ಬಿಸಿದೆ.

ಬದುಕಿದಳು, ಈಗಲೂ ದಿನಾ ನನ್ನನ್ನು ಬೈಯುತ್ತಾಳೆ. ಆದರೆ ಅವತ್ತು ಜೀಪು ಹತ್ತುವ ಮುಂಚೆ ಡಾಕ್ಟರಮ್ಮನ ಕೈ ಹಿಡಿದು ಒಂದು ಮಾತು ಕೇಳಿದಳು.

"ಹ್ವಾದ್ ವರ್ಷ ಬಂದಾಗ ನಮ್ಮನ್ನ್ ಎಂತಕ್ಕೆ ಕರೀಲಿಲ್ಲ ಅಮ್ಮ? ಆಗ ನನ್ ತಂಗಿ ಇದ್ದಿದ್ಲ್."

ಜೀಪು ಹೊರಡುವಾಗ, ಕೇರಿಯ ಹೆಂಗಸರನ್ನೂ ಕರೆದು ತನ್ನಿ ಎಂದು ಬಾಗಿಲಲ್ಲಿದ್ದವನಿಗೆ ಡಾಕ್ಟರಮ್ಮ ಹೇಳುತ್ತಿದ್ದುದು ನನಗೆ ಕೇಳಿಸಿತು.