ಜೌಗಿನ ಸೈನ್ಯ

ಮೊನ್ನೆ ನನ್ನ ಮೆಡಿಕಲ್ ಶಾಪಿನ ಪಕ್ಕದ ಅಂಗಡಿಯ ಷಟರಿಗೆ ಬಣ್ಣ ಸ್ಪ್ರೇ ಮಾಡುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಿರಾಕಿ ಕೇಳಿದ್ದೇನೆಂಬುದನ್ನೂ ಮರೆತು ನಿಂತುಬಿಟ್ಟೆ. ಡ್ರಾಯಿಂಗ್ ಮೇಷ್ಟ್ರು ನೆನಪಾದರು... ಜೊತೆಗೆ ಆ ಹಳೆಯ ಭಯವೂ.

ಅರಸೀಕೆರೆಯಲ್ಲಿ ರೈಲು ಹಳಿಯ ಪಕ್ಕ ಒಂದು ಕೊಬ್ಬರಿ ಮಂಡಿ. ಅದರ ಮಹಡಿಯಲ್ಲಿ ಭಾನುವಾರ ನಾವೊಂದಷ್ಟು ಜನ ಸೇರುತ್ತಿದ್ದೆವು. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರಿಗೆ ಬಣ್ಣ ಬಳಿದು, ಮೇಜಿನ ಮೇಲೆ ಸೈನ್ಯ ನಿಲ್ಲಿಸಿ, ದಾಳ ಹಾಕಿ ಯುದ್ಧ ಮಾಡುವ ಆಟ. ಈ ವಯಸ್ಸಿನಲ್ಲಿ ಗೊಂಬೆ ಆಡಿಸುತ್ತೀಯಾ ಎಂದು ಮನೆಯಲ್ಲಿ ನಗುತ್ತಿದ್ದರು. ಆಟ ತಯಾರಿಸುವ ಕಂಪನಿಯವರು ವರ್ಷವರ್ಷವೂ ನಿಯಮ ಬದಲಿಸುತ್ತಾರೆ. ಹೋದ ವರ್ಷ ಗೆದ್ದು ಮೆರೆದ ಸೈನ್ಯ ಈ ವರ್ಷ ಮಣ್ಣು ಮುಕ್ಕುತ್ತದೆ. ಯಾವುದು ಏಳುತ್ತದೆ, ಯಾವುದು ಬೀಳುತ್ತದೆ ಎಂದು ಮೊದಲೇ ಹೇಳುವವರು ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಮ್ಮೆಲ್ಲರ ಸೈನಿಕರಿಗೆ ಕಣ್ಣು, ಹುಬ್ಬು ಬರೆಯುವವರೂ ಅವರೇ. ಗೂಡ್ಸ್ ರೈಲು ಹೋದಾಗ ಮೇಜು ಅದುರುತ್ತಿತ್ತು. ಆಗ ಎಲ್ಲರೂ ಬ್ರಷ್ ಮೇಲೆತ್ತಿ ಕಾಯಬೇಕು. ಅದು ಅವರು ಹಾಕಿಕೊಟ್ಟ ಪದ್ಧತಿ.

ಆಮೇಲೊಂದು ದಿನ ಅವರು ನನ್ನ ಅಂಗಡಿಯಲ್ಲಿ ಮಾತ್ರೆ ಕೊಳ್ಳಲು ಶುರುಮಾಡಿದರು. ಕೈ ನಡುಗುವ ಕಾಯಿಲೆಗೆ ಕೊಡುವ ಮಾತ್ರೆ. ಮಹಡಿಯಲ್ಲಿ ಯಾರಿಗೂ ಹೇಳಬೇಡ ಎಂದರು. ಅಂದಿನಿಂದ ಭಾನುವಾರ ಬಂತೆಂದರೆ ನನಗೆ ಭಯ. ರೈಲಿನ ಸದ್ದೇ ಇಲ್ಲದಾಗ ಅವರು ಬ್ರಷ್ ಎತ್ತಿ, ಗೂಡ್ಸ್ ಬರುತ್ತಿದೆ ಎನ್ನುತ್ತಿದ್ದರು. ಯಾರಾದರೂ ಕಿಟಕಿಯಾಚೆ ನೋಡಿಬಿಟ್ಟರೆ ಎಂದು ಹೆದರಿ ನಾನು ಜೋರಾಗಿ ಏನಾದರೂ ಹರಟುತ್ತಿದ್ದೆ.

ಆ ವರ್ಷ ಹೊಸ ನಿಯಮ ಬಂದಾಗ ಎಲ್ಲ ಕಡೆ ಬೆಳ್ಳಿ ಕುದುರೆ ಸವಾರರದೇ ಮಾತು. ಮೇಷ್ಟ್ರು ಮಾತ್ರ ಗೆಲ್ಲುವುದು ಜೌಗಿನ ಸೈನ್ಯ ಎಂದರು. ಕೆಸರು ಮೆತ್ತಿದ, ತುಕ್ಕು ಹಿಡಿದ, ಮುಖವೇ ಕಾಣದ ಪಡೆ ಅದು. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಎಲ್ಲರೂ ಜೌಗಿಗೇ ಇಳಿದರು. ಆ ಸೈನಿಕರಿಗೆ ಸ್ಪಂಜಿನಲ್ಲಿ ಬಣ್ಣ ಒತ್ತಿದರೆ ಸಾಕು, ಗೆರೆ ಎಳೆಯುವ ಕೆಲಸವೇ ಇಲ್ಲ ಎಂಬುದು ನನಗೊಬ್ಬನಿಗೆ ಹೊಳೆಯಿತು.

ಹಾಸನದ ಪಂದ್ಯದಲ್ಲಿ ಕುದುರೆಗಳು ನಮ್ಮನ್ನು ತುಳಿದು ಹಾಕಿದವು. ಮುಂದಿನ ಭಾನುವಾರ ಮಂಡಿಯ ಯಜಮಾನ, ಮೇಷ್ಟ್ರ ಹಳೆಯ ಶಿಷ್ಯ, ಮುಖ ಗಂಟಿಕ್ಕಿಕೊಂಡು ಕೇಳಿಯೇಬಿಟ್ಟ.

‘ನಮ್ಮನ್ನ ಯಾಕೆ ಜೌಗಿಗೆ ಇಳಿಸಿದ್ರಿ ಮೇಷ್ಟ್ರೇ?’

ಮೇಷ್ಟ್ರು ಬಲಗೈಯನ್ನು ಮೇಜಿನ ಮೇಲೆ ಇಟ್ಟರು. ಅದು ತನ್ನಷ್ಟಕ್ಕೆ ನಡುಗುತ್ತಿತ್ತು.

‘ಕುದ್ರೆಗೆ ಕಣ್ಣು ಬರೆಯಕ್ಕೆ ಈ ಕೈಲಿ ಆಗಲ್ಲ ಕಣಪ್ಪ. ಕೆಸರು ಬಳೀಬೋದು. ನೀವೆಲ್ಲ ಕುದ್ರೆ ಹಿಡಿದ್ರೆ ನನ್ನ ಇನ್ಯಾರು ಕರೀತಾರೆ ಅಂತ ಹೆದರಿಕೆ ಆಯ್ತು.’

ಯಜಮಾನ ಇನ್ನು ಬರಬೇಡಿ ಎಂದುಬಿಟ್ಟರೆ ಎಂದು ನನಗೆ ಹೆದರಿಕೆ. ಏನು ಮಾಡುವುದೆಂದು ತೋಚದೆ ಮೇಷ್ಟ್ರು ಬ್ರಷ್ ತೆಗೆದುಕೊಂಡರು. ಕೈ ಮಾತು ಕೇಳಲಿಲ್ಲ. ಅಭ್ಯಾಸಬಲದಿಂದ ಮೇಲೆತ್ತಿದರು. ಯಜಮಾನ ಒಂದು ಗಳಿಗೆ ಅವರನ್ನೇ ನೋಡಿ, ತಾನೂ ಬ್ರಷ್ ಎತ್ತಿದ.

‘ಗೂಡ್ಸ್ ಬತ್ತೈತೆ, ಎತ್ಕಳ್ರಪ್ಪ’ ಎಂದ.

ಎಲ್ಲರೂ ಎತ್ತಿ ಹಿಡಿದರು. ಹಳಿ ಖಾಲಿಯಿತ್ತು.

ಆಮೇಲೂ ನಾವು ಜೌಗು ಬಿಡಲಿಲ್ಲ. ಹೋದಲ್ಲೆಲ್ಲ ಸೋತು ಬಂದೆವು. ಕಡೆಕಡೆಗೆ ಮಾತ್ರೆಗೆ ಮೇಷ್ಟ್ರ ಮಗಳು ಬರುತ್ತಿದ್ದಳು. ಅವಳು ಬರುವುದು ಸ್ವಲ್ಪ ತಡವಾದರೂ ನನಗೆ ದಿಗಿಲು. ಹೋದ ವರ್ಷ ಅವಳು ಬರುವುದೇ ನಿಂತುಹೋಯಿತು...

ನಿನ್ನೆ ಯಜಮಾನ ಮೊಬೈಲ್ ಹಿಡಿದು ಅಂಗಡಿಗೆ ಓಡಿ ಬಂದ. ಈ ಸಲದ ಹೊಸ ನಿಯಮದಲ್ಲಿ ಎಲ್ಲ ಊರುಗಳಲ್ಲೂ ಗೆಲ್ಲುತ್ತಿರುವುದು ಜೌಗಿನ ಸೈನ್ಯವೇ ಅಂತೆ. ಇಬ್ಬರೂ ನೋಡಿದೆವು, ಖುಷಿಯಾಯಿತು. ಇದನ್ನು ಯಾರಿಗೆ ಹೋಗಿ ಹೇಳೋಣ ಎಂದ.