ನಾಯಿ ಸಮೇತ

ನಾಯಿಮರಿ ಚೂಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ ಎಂದು ಬರೆಯಲು ಹೊರಟವಳು ಪೆನ್ನು ನಿಲ್ಲಿಸಿದ್ದೇನೆ. ಗೋಣಿಚೀಲವೇ ಇದ್ದೀತು, ಆಗ ನಾನು ಉಡುತ್ತಿದ್ದ ಸೀರೆಗಳ ಮೇಲೆ ನನಗೆ ಬಹಳ ಪ್ರೀತಿಯಿತ್ತು. ಆ ವರ್ಷದ ದಿನಚರಿ ತೆರೆದರೆ ಸೆರಗೂ ಇಲ್ಲ, ಗೋಣಿಯೂ ಇಲ್ಲ. ಬಿ.ಎ. ಮುಗಿಸಿ ಬಂದ ಆ ಹುಡುಗಿಗೆ ತನ್ನ ದುಃಖಗಳನ್ನು ಬಿಟ್ಟು ಬೇರೇನೂ ಕಂಡಂತಿಲ್ಲ. ಆದ್ದರಿಂದ ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತಪ್ಪಿದ್ದರೆ ನನಗೆ ಅನುಕೂಲವಾಗುವ ಕಡೆಗೇ ತಪ್ಪಿರುತ್ತವೆ. ನೆನಪು ನಮ್ಮದೇ ಮನೆಯ ಉಪ್ಪು ತಿಂದ ಸಾಕ್ಷಿ.

ಚೂಟಿಯ ಬೆನ್ನಿನ ಬೋಳು ಮಚ್ಚೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಕೊನೆಗೆ ರೇಷ್ಮೆ ನೂಲು ತೆಗೆಯುವ ಷೆಡ್ಡೊಂದಿತ್ತು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳಗಳನ್ನು ಹಿಂದುಗಡೆ ಸುರಿಯುತ್ತಿದ್ದರು. ಊರ ನಾಯಿಗಳಿಗೆಲ್ಲ ಅದೇ ಹೋಟೆಲು. ಅಲ್ಲಿ ಯಾರೋ ನೋಡದೆ ಚೆಲ್ಲಿದ ಕುದಿನೀರು ಈ ಮರಿಯ ಮೇಲೆ ಬಿತ್ತು. ಹದಿನೈದು ದಿನ ಕೊಬ್ಬರಿ ಎಣ್ಣೆ ಹಚ್ಚಿದೆ. ಬದುಕಿತು, ಅಂಗೈಯಗಲ ಜಾಗದಲ್ಲಿ ಕೂದಲು ಬರಲಿಲ್ಲ. ಎದ್ದು ನಿಂತದ್ದೇ ತಡ, ಆಟ ಶುರು. ಹಿಪ್ಪುನೇರಳೆಯ ಕಡ್ಡಿಯೊಂದನ್ನು ಕಚ್ಚಿಕೊಂಡು ಬಂದವರ ಮುಂದೆಲ್ಲ ನಿಲ್ಲುತ್ತಿತ್ತು, ಇನ್ನೊಂದು ತುದಿ ನೀವು ಎಳೆಯಿರಿ ಎಂಬಂತೆ. ಎಳೆಯದೆ ಹೋಗುವವರೂ ಜಗತ್ತಿನಲ್ಲಿದ್ದಾರೆ ಎಂಬುದು ಅದಕ್ಕೆ ಕೊನೆಯವರೆಗೂ ಅರ್ಥವಾಗಲಿಲ್ಲ.

ನಮ್ಮ ಮನೆಯ ಯಜಮಾನಿಕೆ ನನ್ನನ್ನು ಸಾಕಿದ ಚಿಕ್ಕಮ್ಮನದು. ಚಿಕ್ಕಮ್ಮನ ಮೇಲಿನ ಯಜಮಾನಿಕೆ ರೇಷ್ಮೆಹುಳಗಳದು. ಹುಳ ಇರುವಾಗ ಒಗ್ಗರಣೆಯ ಘಾಟು ಕೂಡದು, ಕಾಲು ತೊಳೆಯದೆ ಒಳಗೆ ಹೋಗಕೂಡದು. ಸತ್ತ ಹುಳ ತಿಂದ ಬಾಯಿ ಬದುಕಿರುವ ಹುಳದ ಹೊಸಲು ದಾಟಬಾರದು ಎಂಬುದು ಅವಳು ತಾನಾಗಿ ಸೇರಿಸಿದ ಕಾನೂನು. ಹುಳ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. "ಮುಂದಿನ ಬೆಳೆ ಹುಳ ಮೂರನೇ ಜ್ವರ ಏಳೋದ್ರೊಳಗೆ ಇದಕ್ಕೊಂದು ಮನೆ ನೋಡ್ಕೋ ಕಣೇ. ಇಲ್ದಿದ್ರೆ ನಾನೇ ಬಸ್ ಹತ್ತಿಸ್ಕೊಂಡು ಹೋಗಿ ಎಲ್ಲಾದ್ರೂ ಬಿಟ್ಟು ಬರ್ತೀನಿ" ಎಂದಳು. ಚಿಕ್ಕಮ್ಮ ಹೇಳಿದ್ದನ್ನು ಮಾಡುವವಳು.

ಚಿಂತಾಮಣಿಯ ಕಡಲೆಕಾಯಿ ಮಂಡಿಯವರೊಬ್ಬರು ಕಾವಲಿಗೆ ಬೇಕೆಂದರು. ಪುಟ್ಟ ರೈಲಿನಲ್ಲಿ ಬುಟ್ಟಿಯೊಳಗೆ ಕೂರಿಸಿಕೊಂಡು ಹೋಗಿ ಕೊಟ್ಟು ಬಂದೆ. ವಾರದೊಳಗೆ ಅದೇ ಬುಟ್ಟಿಯಲ್ಲಿ ವಾಪಸು ಬಂತು. "ಇದೂ ಒಂದು ಕುಕ್ಕನೇನಮ್ಮಾ? ಕಳ್ಳ ಬಂದ್ರೂ ಕಡ್ಡಿ ಕೊಟ್ಟು ಆಟಕ್ಕೆ ಕರೀತದೆ" ಎಂದರು, ನಾಯಿಗೆ ಕುಕ್ಕ ಎನ್ನುವ ಅರ್ಧ ತೆಲುಗಿನಲ್ಲಿ. ಬೇರೆ ಮನೆಗಳಲ್ಲಿ ಮಾತು ಅಷ್ಟು ದೂರವೂ ಹೋಗಲಿಲ್ಲ. ಮೊದಲು ಬಾಲ ಎತ್ತಿ ಹೆಣ್ಣು ಎಂದು ಖಾತ್ರಿ ಮಾಡಿಕೊಳ್ಳುವರು, ಆಮೇಲೆ ಬೆನ್ನು ನೋಡುವರು, ಆಮೇಲೆ ಎಷ್ಟು ತಿನ್ನುತ್ತದೆ ಎನ್ನುವರು. ಗಂಡು ಅಂತ ಹೇಳಿ ದಾಟಿಸಿಬಿಡು ಎಂದು ಚಿಕ್ಕಪ್ಪ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಅದು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಅದರ ಪರವಾಗಿ ನಾನೇಕೆ ಮುಚ್ಚಿಡಲಿ?

ಕಾಲೇಜಿನ ಚರಿತ್ರೆಯ ಪಾಠದಲ್ಲಿ, ಹಂದಿಯೊಡನೆ ಕಾದು ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ ವಿಷಯ ಓದಿದ್ದೆ. ನಮ್ಮ ನಾಡು ಕೃತಜ್ಞತೆಯಿಲ್ಲದ್ದಲ್ಲ. ಕಾದು ಸತ್ತರೆ ಕಲ್ಲು ಕೊಡುತ್ತದೆ. ಸುಮ್ಮನೆ ಬದುಕಿ ಆಡಿಕೊಂಡಿರುತ್ತೇನೆ ಎಂದರೆ ಮಲಗಲು ಒಂದು ಮೂಲೆ ಕೊಡಲು ಹಿಂದೆಮುಂದೆ ನೋಡುತ್ತದೆ.

ಅದೇ ತಿಂಗಳು ಚಿಕ್ಕಮ್ಮ ಇನ್ನೊಂದು ಪ್ರಾಣಿಗೂ ಮನೆ ಹುಡುಕುತ್ತಿದ್ದಳು. ಆ ಪ್ರಾಣಿ ನಾನು. ಗೌರಿಬಿದನೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯವನೇ ಇರಬೇಕು, ಚೂಟಿ ಚಾಚಿದ ಕಡ್ಡಿಯನ್ನು ಒಮ್ಮೆ ಎಳೆದ. ಎಳೆದನೋ, ಎಳೆದಿದ್ದರೆ ಚೆನ್ನಾಗಿತ್ತೆಂದು ನಾನೇ ಆಮೇಲೆ ಸೇರಿಸಿದೆನೋ. ಅವನ ತಾಯಿ ಕೇಳತೊಡಗಿದರು: ವಯಸ್ಸೆಷ್ಟು, ಈ ಬಣ್ಣ ಬಿಸಿಲಿನದೋ ಹುಟ್ಟಿನದೋ, ಎದುರು ಮಾತಾಡುವ ಅಭ್ಯಾಸ ಉಂಟೋ. ಇಂಥ ಪ್ರಶ್ನೆಗಳಿಗೆಲ್ಲ ಚೂಟಿಯ ಪರವಾಗಿ ಹಿಂದಿನ ವಾರವೇ ಉತ್ತರ ಹೇಳಿ ದಣಿದಿದ್ದೆ.

"ನಾನು ಬರೋದಾದ್ರೆ ಇವಳನ್ನೂ ಕರ್ಕೊಂಡು ಬರ್ತೀನಿ. ಆಗುತ್ತಾ?" ಎಂದೆ.

ಅವರು ಚೂಟಿಯನ್ನು ನೋಡಿದರು. "ಹೆಣ್ಣು ನಾಯೀನ ಯಾರಮ್ಮಾ ಮನೇಲಿ ಸಾಕ್ತಾರೆ?"

"ನನ್ನನ್ನ ಸಾಕೋಕೆ ಬಂದಿದ್ದೀರಲ್ಲ."

ಕಾಫಿ ಲೋಟಗಳು ಅರ್ಧಕ್ಕೇ ಕೆಳಗಿಳಿದವು. ಅವರು ಹೋದ ಮೇಲೆ ಚಿಕ್ಕಮ್ಮ ಬೈಯಲಿಲ್ಲ. ಎರಡು ದಿನ ನನ್ನ ಮುಖ ನೋಡದೆ ಸೊಪ್ಪು ಹೆಚ್ಚಿದಳು. ತಪ್ಪಾಯಿತೆಂದು ನಾನೂ ಹೇಳಲಿಲ್ಲ. ಹೇಳಬೇಕಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಪ್ರತಿಸಲವೂ ಬೇಡವೆಂದೇ ತೀರ್ಮಾನವಾಗುತ್ತದೆ.

ಚಿಕ್ಕಬಳ್ಳಾಪುರದ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದೆ. ಹುಳ ಮೂರನೆಯ ಜ್ವರದಿಂದ ಎದ್ದ ದಿನವೇ ಕೆಲಸದ ಕಾಗದ ಬಂತೆಂದು ನೆನಪು. ದಿನಚರಿಯ ಪ್ರಕಾರ ಅದು ಬಂದದ್ದು ಎರಡು ದಿನ ತಡವಾಗಿ. ಆ ಎರಡು ದಿನ ಚೂಟಿ ಯಾರ ಕೃಪೆಯಿಂದ ಮನೆಯಲ್ಲೇ ಉಳಿಯಿತೆಂದು ದಿನಚರಿ ಹೇಳುವುದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಮನೆ ಕೊಡುವವರು ಒಬ್ಬಳೇನಾ ಎಂದು ಕೇಳಿದರು. ಇಬ್ಬರು ಎಂದೆ. ಎರಡನೆಯವಳನ್ನು ಕಂಡು ಮೂವರು ಬಾಗಿಲು ಹಾಕಿಕೊಂಡರು. ನಾಲ್ಕನೆಯವರು ಕಡ್ಡಿ ಎಳೆದರು. ಆ ಮನೆಯಲ್ಲಿ ಚೂಟಿ ಹನ್ನೊಂದು ವರ್ಷ ಬಾಳಿತು. ವಿದ್ಯೆಯಿಂದ ಹೆಣ್ಣು ಸ್ವತಂತ್ರಳಾಗುತ್ತಾಳೆ ಎಂದು ಶಾಲೆಯಲ್ಲಿ ನಾನು ಭಾಷಣ ಮಾಡುವುದುಂಟು. ನಾನು ಆದದ್ದು ನಾಯಿಗೊಂದು ವಿಳಾಸ ಬೇಕಾಗಿದ್ದರಿಂದ.

ಚಿಕ್ಕಮ್ಮ ಅಲ್ಲಿಗೆ ಬಂದದ್ದು ಒಂದೇ ಸಲ, ಎರಡು ಬೆಳೆಗಳ ನಡುವೆ ಸಿಕ್ಕ ಬಿಡುವಿನಲ್ಲಿ. ಬುದ್ಧಿ ಹೇಳಲು ಬಂದಳೆಂದುಕೊಂಡೆ. ಅವಳು ಬಾಗಿಲ ಬಳಿ ಕಾಲು ಚಾಚಿ ಕುಳಿತಳು. ಹಗಲು ಹೊತ್ತಿನಲ್ಲಿ ಅವಳು ಹಾಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. "ಇಲ್ಲಿ ಅದು ಮಾಡು ಇದು ಮಾಡು ಅಂತ ಯಾರೂ ನಿನ್ನ ಕರೆಯೋದೇ ಇಲ್ವಲ್ಲೇ" ಎಂದಳು. ಅದು ಮರುಕವೋ ಬೇರೇನೋ ತಿಳಿಯಲಿಲ್ಲ. ಮಾರನೆಯ ದಿನ ರೈಲಿಗೆ ಇನ್ನೂ ವೇಳೆಯಿರುವಾಗಲೇ ಗಂಟು ಕಟ್ಟಿದಳು. ಆಗ ಅವಳನ್ನು ಒಂದು ಪ್ರಶ್ನೆ ಕೇಳಿದೆ. ತೋಟದಲ್ಲಿ ಸೊಪ್ಪು ಬಲಿತುಹೋಗುತ್ತದೆ ಎಂದು ಹೊರಟೇಬಿಟ್ಟಳು. ಆಮೇಲೆ ಕಾಗದದಲ್ಲೂ ಅದನ್ನೇ ಕೇಳಿದ್ದೇನೆ. ಮಳೆಯ ವಿಷಯ, ಚಿಕ್ಕಪ್ಪನ ಮಂಡಿನೋವಿನ ವಿಷಯ ಬರೆಸಿ ಕಳಿಸುತ್ತಾಳೆ. ಈ ವಾರ ಮತ್ತೆ ಬರೆದಿದ್ದೇನೆ: ಚಿಕ್ಕಮ್ಮಾ, ನಿನ್ನಿಷ್ಟಕ್ಕೇ ಬಿಟ್ಟಿದ್ದರೆ ನೀನು ಎಲ್ಲಿ ಇರುತ್ತಿದ್ದೆ?