ಎರಡು ಚುಕ್ಕಿಯ ಅಕ್ಷರ

ನಮ್ಮ ಕಡೆಯ ಕರಿಕಲ್ಲು ಕಡಲು ದಾಟಿ, ನಾವು ಕಾಣದ ಊರುಗಳ ಗೋರಿಗಳ ಮೇಲೆ ನಿಲ್ಲುತ್ತದೆ. ಕೊಳ್ಳೇಗಾಲದ ಕಲ್ಲು ಕಾರ್ಖಾನೆಯೊಂದರಲ್ಲಿ ಪಾಲಿಶ್ ಮಾಡುವ ರಂಗಸ್ವಾಮಿಗೆ ಅಂಥದ್ದೊಂದು ಕಲ್ಲಿನ ಚಿಂತೆ ಹತ್ತಿತ್ತು. ರಷ್ಯಾಕ್ಕೆ ಹೋಗುವ ಕಲ್ಲು. ಹೆಸರಿನ ಒಂದು ಅಕ್ಷರದ ನೆತ್ತಿಯಲ್ಲಿದ್ದ ಎರಡು ಕುಳಿಗಳನ್ನು ಚೆಕ್ಕೆ ಎದ್ದಿದೆ ಅಂದುಕೊಂಡು, ಕರಿ ಪೇಸ್ಟ್ ತುಂಬಿ ತಿಕ್ಕಿಬಿಟ್ಟಿದ್ದ. ಈಗ ಗೋಡೆಗೆ ಅಂಟಿಸಿದ್ದ ಕೆತ್ತನೆಯ ನಕ್ಷೆ ನೋಡಿದರೆ ಅದು Ӹ. ಅಲ್ಲಿನ ವೋಲ್ಗಾ ನದಿ ದಡದ ‘ಗುಡ್ಡದ ಮಾರಿ’ ಎಂಬ ಜನರ ನುಡಿಗೆ ಬೇಕಾದ ಅಕ್ಷರ. ಚುಕ್ಕಿ ಹೋದರೆ ಸದ್ದೇ ಬೇರೆ.

ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಸತ್ತವರ ಹೆಸರು ಹೋದೀತು. ಕಲ್ಲನ್ನು ಹಲಗೆ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದು ಹೇರಿದ ಲಾರಿ ಹೊರಟು ನಿಂತಿತ್ತು. ಹೇಳಿಯೇಬಿಟ್ಟ.

"ಲೇ ರಂಗ, ಎರಡು ಚುಕ್ಕಿ ಯಾವನ್ ನೋಡ್ತಾನ್ಲಾ?" ಎಂದ ಮೇಸ್ತ್ರಿ ಮಾದೇಶ್.

"ಸತ್ತೋರ ಮಕ್ಕಳು ನೋಡ್ತಾರೆ ಸಾ. ನನ್ ಎಸರಿನ ಸೊನ್ನೆ ಒರೆಸಿದ್ರೆ ನಾನು ರಗಸ್ವಾಮಿ. ಅಂಗ್ ಕೂಗಿದ್ರೆ ಬಂದೇನಾ?"

"ಕೂಲಿ ಕೊಡೋವಾಗ ಬಂದೇ ಬತ್ತೀಯ."

ರಂಗಸ್ವಾಮಿ ಲಾರಿ ಹತ್ತಿದ. ಚುಕ್ಕಿಗಳನ್ನು ಮತ್ತೆ ಕೊರೆಯಲು, ಪೆಟ್ಟಿಗೆಯ ಮೊಳೆ ಕೀಳತೊಡಗಿದ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಒಬ್ಬರ ಹೆಸರು ಪೂರ್ತಿ ಉಳಿಯಬೇಕು ಅನ್ನುವವರಾದರೆ ನೋಡುತ್ತ ನಿಲ್ಲಬೇಡಿ, ಹಲಗೆಗೆ ಕೈ ಹಾಕಿ.